ಹವಳದ ತೊಟ್ಟಿ ಮತ್ತು ನನ್ನ ತಂಬಿಗೆ

ನನ್ನ ಮಗ ಹೆಂಡತಿಗಿಂತ, ಮಗಳಿಗಿಂತ, ಹೆತ್ತ ನನಗಿಂತ ಹೆಚ್ಚಾಗಿ ಒಂದು ಗಾಜಿನ ತೊಟ್ಟಿಯನ್ನು ಪ್ರೀತಿಸಿದ ಎಂದರೆ, ಮುದುಕಿಗೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಹೊಟ್ಟೆಕಿಚ್ಚು ಇತ್ತು, ಇಲ್ಲ ಎನ್ನುವುದಿಲ್ಲ. ನಾನು ದಾವಣಗೆರೆಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ನನ್ನ ಬಾಯಿಗೆ ಹೆದರಿ ಹುಡುಗರು ಶಾಲೆಯ ಗೇಟಿನ ಹೊರಗೇ ಕೂತು ಹೋಂವರ್ಕ್ ಬರೆದು ಮುಗಿಸಿ ಒಳಗೆ ಬರುತ್ತಿದ್ದರು. ಆ ಬಾಯಿ ಇನ್ನೂ ಸವೆದಿಲ್ಲ. ಹಾಗಾಗಿ ಇದನ್ನು ಪಾಪದ ಅಜ್ಜಿಯ ಗೋಳು ಎಂದು ಓದಬೇಡಿ. ನನ್ನ ತಲೆ ನೆಟ್ಟಗಿದೆಯೋ ಇಲ್ಲವೋ ಎಂಬುದೇ ಇಲ್ಲಿನ ವಿಷಯ. ಓದಿದವರು ತೀರ್ಮಾನ ಮಾಡಲಿ.

ಮಗ ಬ್ಯಾಂಕಿನಲ್ಲಿ ಆಫೀಸರು. ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದ. ಸೊಸೆಗೆ ಪರವಾಡದ ಕಡೆ ಒಂದು ಔಷಧಿ ಕಂಪನಿಯ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಹಾಲಿನವನಿಗಿಂತ ಮೊದಲೇ ಕಂಪನಿ ಬಸ್ಸು ಬಂದು ಅವಳನ್ನು ಹತ್ತಿಸಿಕೊಂಡು ಹೋಗುತ್ತಿತ್ತು. ಮೊಮ್ಮಗಳು ಇನ್ನೂ ಚಿಕ್ಕವಳು, ಅವಳಿಗೆ ತಿನ್ನಿಸಿ ಸ್ಕೂಲಿಗೆ ಕಳಿಸಲು ಜನ ಬೇಕಿತ್ತು. "ಅಮ್ಮ, ಇಲ್ಲಿ ಸಮುದ್ರ ಐತೆ, ಒಳ್ಳೆ ಗಾಳಿ ಐತೆ, ಬಂದು ಇರು" ಎಂದು ಮಗ ಫೋನು ಮಾಡಿದ. ಸಮುದ್ರ ತೋರಿಸಲು ಯಾವ ಸೊಸೆಯೂ ಅತ್ತೆಯನ್ನು ಕರೆಸಿಕೊಳ್ಳುವುದಿಲ್ಲ ಎಂದು ಗೊತ್ತಿದ್ದೂ ಹೋದೆ. ಯಜಮಾನರು ತೀರಿಕೊಂಡಿದ್ದರು, ಮಗಳು ಹುಬ್ಬಳ್ಳಿಯಲ್ಲಿ ತನ್ನ ಸಂಸಾರದಲ್ಲಿ ಮುಳುಗಿದ್ದಳು, ಮತ್ತೆ ಮೊಮ್ಮಗಳಿಗೆ ಅಆಇಈ ಕಲಿಸುವ ಆಸೆ ನನಗಿತ್ತು. ಆ ಮಗುವಿಗೆ ತೆಲುಗು ನೀರು ಕುಡಿದ ಹಾಗೆ ಬರುತ್ತಿತ್ತು. ಕನ್ನಡ ಎಂದರೆ "ಅಜ್ಜಿ ಕೊಡು, ಅಜ್ಜಿ ಬೇಡ" ಅಷ್ಟೇ.

ನಾನು ಹೋಗುವ ಹೊತ್ತಿಗೆ ಊಟದ ಮೇಜಿನ ಮೇಲೆ ಊಟವಿರಲಿಲ್ಲ, ಕಲ್ಲುಗಳಿದ್ದವು. ತೂತು ತೂತಾದ, ಸುಣ್ಣದ ಬಣ್ಣದ ಕಲ್ಲುಗಳು. ಮಗ ಅವನ್ನು ಪೇಪರಿನ ಮೇಲೆ ಹರಡಿಕೊಂಡು ಒಂದರ ಮೇಲೊಂದು ಇಟ್ಟು ನೋಡುವುದು, ಕೆಡವುವುದು, ಮತ್ತೆ ಇಡುವುದು. ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೆವು. ಅವನ ಮದುವೆಗೆ ಹೆಣ್ಣು ಹುಡುಕುವಾಗ ಒಂದು ದಿನವೂ ಇಷ್ಟು ಯೋಚನೆ ಮಾಡಿದ್ದನ್ನು ನಾನು ಕಾಣೆ. ತೊಟ್ಟಿ ಬಂತು, ಕಲ್ಲುಗಳು ಇಳಿದವು, ನೀರು ತುಂಬಿತು, ನೀಲಿ ದೀಪ ಹತ್ತಿತು. ಮೀನು ಮಾತ್ರ ಇಲ್ಲ. ವಾರಗಟ್ಟಲೆ ಮಗ ಬರೀ ಕಲ್ಲಿನ ಮುಂದೆ ಕುರ್ಚಿ ಹಾಕಿಕೊಂಡು ಕೂತ.

"ಮೀನೆಲ್ಲೋ?" ಎಂದರೆ, "ಸೈಕಲ್ ಆಗ್ಬೇಕು ಅಮ್ಮ" ಎನ್ನುತ್ತಿದ್ದ. ಕಣ್ಣಿಗೆ ಕಾಣದ ಹುಳಗಳು ಮೊದಲು ಆ ಕಲ್ಲಿನಲ್ಲಿ ಸಂಸಾರ ಹೂಡಬೇಕಂತೆ. ಮೀನಿನ ಹೊಲಸನ್ನು ತಿಂದು ನೀರನ್ನು ಶುದ್ಧ ಮಾಡುವುದು ಅವೇ. ಅವು ನೆಲೆ ನಿಲ್ಲುವ ಮೊದಲು ಮೀನು ಬಿಟ್ಟರೆ ಮೀನು ಸಾಯುತ್ತದಂತೆ. ಅವನ ತಾಳ್ಮೆ ನೋಡಿ ನನಗೆ ಮೈ ಉರಿಯುತ್ತಿತ್ತು. ನಾನು ಒಂದು ಮಾತನ್ನು ಎರಡನೇ ಸಲ ಕೇಳಿದರೆ ಹಲ್ಲು ಕಚ್ಚುವ ಮಗ, ಕಾಣದ ಹುಳಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದ.

ನಾವಿದ್ದದ್ದು ಋಷಿಕೊಂಡದ ದಾರಿಯಲ್ಲಿ. ಬಾಲ್ಕನಿಯಲ್ಲಿ ನಿಂತರೆ ಎದುರಿಗೇ ಸಮುದ್ರ. ಆದರೂ ತೊಟ್ಟಿಗೆ ಉಪ್ಪು ವಿದೇಶದಿಂದ ಡಬ್ಬಿಯಲ್ಲಿ ಬರುತ್ತಿತ್ತು. ಕಾರ್ಪೊರೇಷನ್ ನೀರನ್ನು ಮಗ ಆರ್‌ಓ ಯಂತ್ರದಲ್ಲಿ ಹಾಯಿಸಿ, ಅದರಲ್ಲಿ ಇರುವುದನ್ನೆಲ್ಲ ತೆಗೆದು, ಆಮೇಲೆ ಡಬ್ಬಿಯ ಉಪ್ಪು ಕಲಸಿ ಸಮುದ್ರ ತಯಾರಿಸುತ್ತಿದ್ದ. "ಅಷ್ಟು ದೊಡ್ಡ ಸಮುದ್ರ ಬಿದ್ದುಕೊಂಡಿದೆಯಲ್ಲೋ, ಒಂದು ಕೊಡ ತಂದು ಸುರಿ" ಎಂದೆ. ದಡದ ನೀರಿನಲ್ಲಿ ಏನೇನು ಇರುತ್ತದೋ ಯಾರಿಗೆ ಗೊತ್ತು ಎಂದ. ಹವಳವನ್ನೂ ಆ ಸಮುದ್ರದಿಂದ ಕೀಳುವ ಹಾಗಿಲ್ಲ, ಕಿತ್ತರೆ ಜೈಲು. ಅದೂ ಕಾಗದ ಪತ್ರದ ಸಮೇತ ಎಲ್ಲಿಂದಲೋ ವಿಮಾನದಲ್ಲಿ ಬರುತ್ತಿತ್ತು. ಭಾನುವಾರ ಬಂತೆಂದರೆ ಹಳೆಯ ನೀರನ್ನು ಸ್ವಲ್ಪ ತೆಗೆದು ಹೊಸ ನೀರು ತುಂಬುವ ಪೂಜೆ. ಮಿಕ್ಕ ದಿನ ಸಂಜೆ, ಸಣ್ಣ ಸಣ್ಣ ಗಾಜಿನ ಕೊಳವೆಯಲ್ಲಿ ನೀರು ಹಿಡಿದು, ಹನಿ ಹಾಕಿ, ಬಣ್ಣ ನೋಡಿ, ಇಂದು ಸುಣ್ಣ ಕಡಿಮೆ, ನಾಳೆ ಇನ್ನೇನೋ ಹೆಚ್ಚು ಎಂದು ಮುಖ ಗಂಟು ಹಾಕುವುದು.

ಚಂದವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗುಂಡಿಯ ಹಾಗೆ ಅರಳುವ ಹವಳಗಳು, ಬೆರಳು ಆಡಿಸುವ ಹಸಿರು ಹವಳ, ಕೆಂಪು ಪಟ್ಟೆಯ ಸಿಗಡಿ, ಕಿತ್ತಳೆ ಬಣ್ಣದ ಎರಡು ಮೀನು. ಸೊಸೆಯ ಗೆಳತಿಯರು ಬಂದು "ಎಂತ ಬಾಗುಂದೋ", ಎಷ್ಟು ಚೆನ್ನಾಗಿದೆ ಎಂದು ಬಾಯಿ ಬಿಡುತ್ತಿದ್ದರು. ನನಗೆ ಹಿಡಿಸಿದ್ದು ಅದಲ್ಲ. ಆ ಎರಡು ಕಿತ್ತಳೆ ಮೀನಿನಲ್ಲಿ ದೊಡ್ಡದು ಹೆಣ್ಣು. ಅದು ಹೊತ್ತು ಹೊತ್ತಿಗೆ ಗಂಡನ್ನು ಕಚ್ಚಿ ಮೂಲೆಗೆ ಕೂರಿಸುತ್ತಿತ್ತು, ಗಂಡು ಮೈ ನಡುಗಿಸಿ ಶರಣು ಹೇಳುತ್ತಿತ್ತು. ಒಂದು ಏಡಿ ಬಸವನಹುಳುವನ್ನು ಚಿಪ್ಪಿನಿಂದ ಎಳೆದು ತಿಂದು, ಅದೇ ಚಿಪ್ಪಿನೊಳಗೆ ತಾನು ಸೇರಿಕೊಂಡಿತು. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ನಾನು ಇದನ್ನೆಲ್ಲ ಆಸೆಯಿಂದ ನೋಡುತ್ತಿದ್ದೆ. ಮಗನಿಗೆ ಹೇಳಲಿಲ್ಲ. ನನಗೆ ಇಷ್ಟವಾಯಿತೆಂದು ತಿಳಿದರೆ ಅವನಿಗೆ ಖುಷಿಯಾಗಿಬಿಡುತ್ತಿತ್ತು.

ಇನ್ನು ನನ್ನ ತಂಬಿಗೆ. ತಾಮ್ರದ್ದು, ನನ್ನ ಮದುವೆಯಲ್ಲಿ ಬಂದದ್ದು. ರಾತ್ರಿ ಅದರಲ್ಲಿ ನೀರು ತುಂಬಿಟ್ಟು ಬೆಳಗ್ಗೆ ಬರೀ ಹೊಟ್ಟೆಗೆ ಕುಡಿಯುವುದು ನಮ್ಮ ಮನೆತನದ ಅಭ್ಯಾಸ, ಬೇರೆ ನೀರು ನನಗೆ ನೀರು ಎನಿಸುವುದೇ ಇಲ್ಲ. ಕುಡಿದು ಉಳಿದದ್ದು ತುಳಸಿಗೆ. ಆ ಮನೆಯಲ್ಲಿ ಬೆಳಗಿನ ಬಿಸಿಲು ಬೀಳುವ ಜಾಗ ಒಂದೇ, ಹಾಲಿನಲ್ಲಿ ಬಾಲ್ಕನಿ ಬಾಗಿಲ ಬಳಿ, ತೊಟ್ಟಿಯ ಪಕ್ಕ. ತುಳಸಿ ಕುಂಡ ಅಲ್ಲಿತ್ತು. ಮಗ ಮೊದಲ ದಿನವೇ ಬೆರಳು ತೋರಿಸಿ ಹೇಳಿದ:

"ಅಮ್ಮ, ಆ ತಂಬಿಗೆ ಜ್ವಾಪಾನ. ಇವಕ್ಕೆ ತಾಮ್ರ ಅಂದ್ರೆ ವಿಷ. ಮೀನಿಗೇನೂ ಆಗಲ್ಲ, ಹವಳ, ಸಿಗಡಿ, ಹುಳ ಎಲ್ಲ ಸತ್ತೇ ಹೋಗ್ತವೆ. ಒಂದು ತೊಟ್ಟು ಬೀಳಬಾರದು."

"ನಾನು ಹುಟ್ಟಿದಾಗಿನಿಂದ ಕುಡೀತಿದೀನಿ, ಸತ್ತಿದೀನೇನೋ?"

"ನೀನು ಹವಳ ಅಲ್ಲಲ್ಲ" ಎಂದ. ಸೊಸೆ ಮುಸಿಮುಸಿ ನಕ್ಕಳು.

ಇನ್ನೊಂದು ದಿನದ್ದನ್ನೂ ಹೇಳಬೇಕು, ಆಮೇಲೆ ಅದೇ ನನ್ನ ಕೊರಳಿಗೆ ಸುತ್ತಿಕೊಂಡಿತು. ಮಗುವಿಗೆ ಜ್ವರ ಸುಡುತ್ತಿತ್ತು. ಮಗ ಆಫೀಸಿನಿಂದ ಬಂದವನು ಚಪ್ಪಲಿ ಬಿಟ್ಟು ನೇರ ತೊಟ್ಟಿಯ ಹತ್ತಿರ ಹೋಗಿ ಕೊಳವೆಗೆ ನೀರು ಹಿಡಿದ. ನನಗೆ ನೆತ್ತಿಗೇರಿತು. "ಸಾಯಲಿ ಅವೆಲ್ಲ! ಮೊದಲು ಮಗಿನ ಹಣೆ ಮುಟ್ಟಿ ನೋಡು" ಎಂದು ಕೂಗಿದೆ. ಅವನು ಮುಟ್ಟಿ ನೋಡಿದ. ಆದರೆ ನನ್ನ ಕಡೆ ತಿರುಗಿ ನೋಡಿದ ನೋಟ ನನಗೆ ಇನ್ನೂ ನೆನಪಿದೆ.

ಹೀಗಿರುವಾಗ ಮಗನಿಗೆ ವಿಜಯವಾಡಕ್ಕೆ ವರ್ಗವಾಯಿತು. ಬ್ಯಾಂಕಿನವರ ವರ್ಗ ಎಂದರೆ ಕುತ್ತಿಗೆ ಹಿಡಿದು ದಬ್ಬಿದ ಹಾಗೆ, ಕೆಲವೇ ದಿನದಲ್ಲಿ ಹೋಗಿ ಸೇರಿಕೊಳ್ಳಬೇಕು. ಸೊಸೆ ಪರವಾಡದ ಕೆಲಸ ಬಿಡಬೇಕಾಯಿತು. ಅವಳು ಅತ್ತಿದ್ದನ್ನು ನಾನು ಕಂಡೆ, ಮಗ ಕಾಣಲಿಲ್ಲ, ಅವನು ಹವಳಗಳನ್ನು ಥರ್ಮೊಕೋಲ್ ಪೆಟ್ಟಿಗೆಗೆ ಇಳಿಸುತ್ತಿದ್ದ. ಮನೆ ಸಾಮಾನು ಲಾರಿಯಲ್ಲಿ, ನಾನೂ ಸೊಸೆಯೂ ಮಗುವೂ ರೈಲಿನಲ್ಲಿ, ಹವಳ ಮೀನುಗಳು ಎ.ಸಿ. ಹಾಕಿದ ಕಾರಿನಲ್ಲಿ ಮಗನ ಜೊತೆ. ಎಲ್ಲವೂ ಜೀವಂತ ತಲುಪಿದವು. ಲಾರಿಯಲ್ಲಿ ಒಡೆದದ್ದು ಎರಡೇ, ನನ್ನ ಉಪ್ಪಿನಕಾಯಿ ಜಾಡಿ ಮತ್ತು ಮಗನ ಆರ್‌ಓ ಯಂತ್ರ.

ವಿಜಯವಾಡದ ಮನೆ ಬ್ಯಾಂಕು ಬಾಡಿಗೆಗೆ ಹಿಡಿದದ್ದು. ನಮಗಿಂತ ಮೊದಲು ಅಲ್ಲಿದ್ದವರೂ ಕರ್ನಾಟಕದ ಆಫೀಸರೇ. ಹೀಗೆ ವರ್ಗವಾಗಿ ಅಲೆಯುವ ಜನರಲ್ಲಿ ಒಂದು ಪದ್ಧತಿ ಇದೆ. ಗೋಡೆಗೆ ಹೊಡೆದದ್ದನ್ನು ಕೀಳುವುದಿಲ್ಲ, ಮುಂದೆ ಬರುವವರಿಗೆ ಬಿಟ್ಟುಹೋಗುತ್ತಾರೆ. ಪರದೆಯ ಸರಳು, ದೇವರ ಮನೆಯ ಹಲಗೆ, ಗೀಸರು, ಅಡುಗೆಮನೆಯ ಗೋಡೆಯ ಮೇಲಿನ ನೀರಿನ ಫಿಲ್ಟರು. ಬಂದವರು ಏನನ್ನೂ ಕೇಳದೆ ಬಳಸುತ್ತಾರೆ, ಹೋಗುವಾಗ ಹಾಗೇ ಬಿಡುತ್ತಾರೆ. ಮಗ ಫಿಲ್ಟರಿನ ನಲ್ಲಿ ತಿರುಗಿಸಿ ನೋಡಿ, "ಇದೂ ಆರ್‌ಓನೇ, ಬಿಡು, ಹೊಸದು ಯಾಕೆ" ಎಂದ. ನಮಗೆ ಕುಡಿಯಲೂ ತೊಟ್ಟಿಗೆ ತುಂಬಲೂ ಅದೇ ನೀರಾಯಿತು. ನನ್ನ ತಂಬಿಗೆಗೂ ಅದೇ.

ಮೊದಲು ಸತ್ತದ್ದು ಬಸವನಹುಳುಗಳು. ಗಾಜಿಗೆ ಅಂಟಿ ಓಡಾಡುತ್ತಿದ್ದಂಥವು ಒಂದೊಂದಾಗಿ ಕೆಳಗೆ ಬಿದ್ದು ಬಾಯಿ ತೆರೆದುಕೊಂಡವು. ಆಮೇಲೆ ಸಿಗಡಿ. ಅದು ಮಗ್ಗುಲಾಗಿ ಬಿದ್ದು ಕಾಲು ಆಡಿಸುವುದನ್ನು ಮಗ ನೆಲದ ಮೇಲೆ ಕೂತು ಅದು ನಿಲ್ಲುವವರೆಗೂ ನೋಡಿದ. ಆಮೇಲೆ ಹವಳಗಳು ಮುದುಡಿಕೊಂಡವು. ಬೆರಳಾಡಿಸುತ್ತಿದ್ದ ಹಸಿರು ಹವಳ ಕಂದು ಲೋಳೆಯಾಗಿ ಕರಗಿ, ಕೆಳಗಿನ ಬಿಳಿ ಮೂಳೆ ಕಂಡಿತು. ಮನೆಯೆಲ್ಲ ಕೊಳೆತ ಮೀನಿನ ವಾಸನೆ. ಮಗ ಗಾಬರಿಯಾಗಿ ನೀರು ಬದಲಾಯಿಸಿದ, ಮೊದಲಿಗಿಂತ ಹೆಚ್ಚು, ಮೊದಲಿಗಿಂತ ಬೇಗ ಬೇಗ. ಬದಲಾಯಿಸಿದಷ್ಟೂ ಬೇಗ ಸಾಯುತ್ತಿದ್ದವು. ಆ ಕಿತ್ತಳೆ ಮೀನುಗಳಿಗೆ ಮಾತ್ರ ಏನೂ ಆಗಲಿಲ್ಲ. ಹೆಣ್ಣು ಮೀನು ಆ ಸ್ಮಶಾನದ ನಡುವೆಯೇ ಗಂಡನನ್ನು ಕಚ್ಚಿಕೊಂಡು ಆರಾಮಾಗಿತ್ತು.

ಮೀನು ಬದುಕಿ, ಮಿಕ್ಕದ್ದೆಲ್ಲ ಸತ್ತರೆ ಅದರ ಅರ್ಥ ಏನೆಂದು ಮಗನಿಗೆ ಗೊತ್ತಿತ್ತು. ತಾಮ್ರ ಪರೀಕ್ಷಿಸುವ ಕಿಟ್ಟು ತರಿಸಿದ. ಒಂದು ಭಾನುವಾರ ಬೆಳಗ್ಗೆ ತೊಟ್ಟಿಯ ನೀರಿಗೆ ಹನಿ ಹಾಕಿ ಅಲುಗಿಸಿದ. ನೀರು ತೆಳುವಾಗಿ ನೀಲಿಗೆ ತಿರುಗಿತು. ನಾನು ಅಷ್ಟರಲ್ಲಿ ತಂಬಿಗೆ ಹಿಡಿದು, ಇಲ್ಲೂ ತೊಟ್ಟಿಯ ಪಕ್ಕದಲ್ಲೇ ಇದ್ದ ತುಳಸಿಯ ಕಡೆ ಬರುತ್ತಿದ್ದೆ. ಅವನು ನನ್ನ ಮುಖ ನೋಡಲಿಲ್ಲ, ಕೈಯನ್ನು ನೋಡಿದ.

"ಅಮ್ಮ, ನಿಜ ಹೇಳು. ತೊಟ್ಟಿಗೆ ನೀರು ಹಾಕಿದ್ಯಾ?"

"ನಾನ್ಯಾಕೋ ಹಾಕ್ಲಿ?"

"ಮರೆತು ಹಾಕಿರಬಹುದು. ತುಳಸಿಗೆ ಅಂತ ಹೋಗಿ..."

"ತುಳಸಿ ಯಾವ್ದು, ನಿನ್ನ ತೊಟ್ಟಿ ಯಾವ್ದು ಅಂತ ಗೊತ್ತಾಗ್ದಷ್ಟು ತಲೆ ಕೆಟ್ಟಿದ್ಯೇನೋ ನಂಗೆ?"

"ಹಂಗಾದ್ರೆ ಬೇಕಂತ ಹಾಕಿದ್ದಾ? ಸಾಯಲಿ ಅವೆಲ್ಲ ಅಂದಿದ್ದೆಯಲ್ಲ."

ಅವನು ಎರಡೇ ಬಾಗಿಲು ತೆರೆದಿಟ್ಟಿದ್ದ, ಒಂದೋ ನಾನು ಕೆಟ್ಟವಳು, ಇಲ್ಲವೋ ಮರೆಗುಳಿ. ಸೊಸೆ ಅಡುಗೆಮನೆಯಿಂದ ಬಂದು ನನ್ನ ಪರವಾಗಿ ನಿಂತಳು. "ಬಿಡ್ರೀ ಪಾಪ, ವಯಸ್ಸಾಗಿದೆ. ಅತ್ತೆ ಬೇಕಂತ ಮಾಡೋರಲ್ಲ" ಎಂದಳು. ಎರಡನೇ ಬಾಗಿಲಿನಿಂದ ನನ್ನನ್ನು ಒಳಗೆ ತಳ್ಳಿದ್ದು ಆ ಮರುಕ. ಆಮೇಲೆ ಮಗ ಮಗುವನ್ನು ಕರೆದು ಕೇಳಿದ, ಅಜ್ಜಿ ಇಲ್ಲಿ ನೀರು ಹಾಕಿದ್ದು ನೋಡಿದ್ದೀಯಾ ಎಂದು. ಅದು ತಲೆಯಾಡಿಸಿ, "ಅಜ್ಜಿ ನೀಳ್ಳು ಪೋಸಿಂದಿ. ನೇನು ಚೂಶಾನು" ಎಂದಿತು. ಅಜ್ಜಿ ನೀರು ಹಾಕಿದ್ದನ್ನು ನಾನು ನೋಡಿದೆ ಅಂತ. ನೋಡಿದ್ದು ನಿಜವೇ, ದಿನಾ ತುಳಸಿಗೆ ಹಾಕುತ್ತಿದ್ದೆನಲ್ಲ. "ಯಾವುದಕ್ಕೆ ಹಾಕಿದೆ ಹೇಳೇ" ಎಂದು ನಾನು ಗದರಿಸಿದೆ. ಮಗು ಹೆದರಿ ತಾಯಿಯ ಸೆರಗು ಹಿಡಿದು ಅತ್ತಿತು. ಅಳುವ ಮಗುವಿನ ಎದುರು ನನ್ನ ವಾದವನ್ನು ಯಾರು ಕೇಳುತ್ತಾರೆ?

ತಂಬಿಗೆ ಅಟ್ಟ ಸೇರಿತು. ತುಳಸಿ ಬಾತ್‌ರೂಮಿನ ಕಿಟಕಿಗೆ ಹೋಯಿತು. ಮಗ ಅವತ್ತೇ ಹುಬ್ಬಳ್ಳಿಯ ತಂಗಿಗೆ ಫೋನು ಮಾಡಿ, "ಅಮ್ಮಂಗೆ ಮರೆವು ಶುರುವಾಗಿದೆ ಕಣೆ" ಎಂದ. ಅವಳು ನನ್ನ ಜೊತೆ ಮಾತಾಡುವಾಗ ಜೋರಾಗಿ, ಬಿಡಿಬಿಡಿಯಾಗಿ ಮಾತಾಡತೊಡಗಿದಳು. ಗ್ಯಾಸಿನ ಒಲೆ ಮುಟ್ಟಬಾರದು ಎಂದಾಯಿತು. ಆಮೇಲೆ ಎಲ್ಲಕ್ಕಿಂತ ದೊಡ್ಡ ಪೆಟ್ಟು. ಮಗುವನ್ನು ನನ್ನೊಬ್ಬಳ ಹತ್ತಿರ ಬಿಡುವುದು ಬೇಡ ಎಂದು ತೀರ್ಮಾನವಾಯಿತು. ಸ್ಕೂಲು ಬಿಟ್ಟ ಮೇಲೆ ಅವಳು ಕೆಳಗಿನ ಮನೆಯ ಟ್ಯೂಷನ್ನಿಗೆ ಹೋಗತೊಡಗಿದಳು. ಕಾಗುಣಿತಕ್ಕೆ ಬರುವ ಮೊದಲೇ, ಟಠಡಢಣ ಎಂಬಲ್ಲಿ ಅವಳ ಕನ್ನಡ ನಿಂತಿತು.

ಸೊಸೆಗೆ ಅಷ್ಟರಲ್ಲಿ ಬೆಂಜ್ ಸರ್ಕಲ್ ಹತ್ತಿರ ಒಂದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ ಸಿಕ್ಕಿತ್ತು. ಸಿಬ್ಬಂದಿಯ ಮನೆಯವರೆಂದು ನರರೋಗದ ಡಾಕ್ಟರ ಮುಂದೆ ನನ್ನನ್ನು ಬೇಗ ಕೂರಿಸಿದರು. ಡಾಕ್ಟರು ಹುಡುಗ, ಒಳ್ಳೆಯ ಮರ್ಯಾದಸ್ಥ. "ಅಮ್ಮಗಾರು, ಈ ರೋಜು ತಾರೀಖು ಎಂತ?" ಎಂದು ಕೇಳಿದರು. ನಿವೃತ್ತಳಿಗೆ ತಾರೀಖು ಯಾಕೆ ಬೇಕು? ನಾನು ಪಂಚಾಂಗ ನೋಡುವವಳು. "ಕೃಷ್ಣಪಕ್ಷದ ಏಕಾದಶಿ" ಎಂದೆ. ಸೊಸೆ ಅದನ್ನು ಡಾಕ್ಟರಿಗೆ ಹೇಳುವಾಗ, ತಾರೀಖು ಗೊತ್ತಿಲ್ಲವಂತೆ ಎಂದು ಮುಗಿಸಿದಳು. ಇದು ಯಾವ ಜಿಲ್ಲೆ ಎಂದರು. ಕೃಷ್ಣಾ ಎಂದೆ. ವಿಜಯವಾಡ ಆ ಜಿಲ್ಲೆಯಿಂದ ಬೇರೆಯಾಗಿ ಎಷ್ಟೋ ಕಾಲವಾಗಿತ್ತಂತೆ. ಆಮೇಲೆ ತೆಲುಗಿನ ಮೂರು ಪದ ಹೇಳಿ, ಬೇರೆ ಏನೇನೋ ಮಾತಾಡಿಸಿ, ಆ ಮೂರು ಪದ ಯಾವುವು ಎಂದು ಕೇಳಿದರು. ಗಡಿಯಾರ ಬರೆಯಿರಿ ಎಂದರು. ಪರೀಕ್ಷೆಯಲ್ಲಿ ಎಷ್ಟೋ ಹುಡುಗರ ಕೈ ನಡುಗಿಸಿದವಳು ನಾನು, ಅವತ್ತು ನನ್ನ ಕೈ ನಡುಗಿ ಗಡಿಯಾರ ಮೊಟ್ಟೆಯಾಯಿತು. "ಮೈಲ್ಡ್" ಎಂದರು ಡಾಕ್ಟರು. ಮಗ ಆ ಪದವನ್ನು ಕಾರಿನಲ್ಲಿ ಮತ್ತೆ ಮತ್ತೆ ಹೇಳಿಕೊಂಡ, ಮೈಲ್ಡ್ ಅಷ್ಟೇ ಅಮ್ಮ, ಮೈಲ್ಡ್ ಅಷ್ಟೇ. ಆ ಕಾರಿನಲ್ಲಿ ಅವನು ಬಹಳ ಪ್ರೀತಿಯಿಂದ ಇದ್ದ. ಅವನಿಗೆ ಉತ್ತರ ಸಿಕ್ಕಿತ್ತು.

ಮಾತ್ರೆ ಶುರುವಾಯಿತು. ತೊಟ್ಟಿಯಲ್ಲಿ ಸಾವು ನಿಲ್ಲಲಿಲ್ಲ. ಕಲ್ಲು ತಾಮ್ರವನ್ನು ಹೀರಿಕೊಂಡಿರುತ್ತದೆ, ಈಗ ಸ್ವಲ್ಪ ಸ್ವಲ್ಪ ಬಿಡುತ್ತಿದೆ ಎಂದು ಮಗ ವಿವರಿಸಿದ. ನಾನು ಯಾವತ್ತೋ ಹಾಕಿದ್ದು ಈಗಲೂ ಕೊಲ್ಲುತ್ತಿತ್ತು ಎಂದಾಯಿತು. ಪ್ರತಿ ಸಲ ಒಂದು ಹವಳ ಸತ್ತಾಗಲೂ ಅವನು ನನ್ನನ್ನು ಬೈಯಲಿಲ್ಲ. ಸತ್ತದ್ದನ್ನು ಇಕ್ಕಳದಲ್ಲಿ ಎತ್ತಿ, ನನ್ನ ಎದುರಿನಿಂದಲೇ ಹಾದು, ಕಸದ ಬುಟ್ಟಿಗೆ ಹಾಕುತ್ತಿದ್ದ. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಒಂದು ಸಂಜೆ ಪಕ್ಕದಲ್ಲಿ ಕೂತು, "ಅಮ್ಮ, ಏನಾದ್ರೂ ನೆನಪಾಯ್ತಾ?" ಎಂದು ಮೃದುವಾಗಿ ಕೇಳಿದ. ಆ ಮೃದುತ್ವ ತಡೆಯಲಾಗಲಿಲ್ಲ. "ಹಾಕಿರಬೇಕು ಕಣಪ್ಪ" ಎಂದೆ. ಸುಮ್ಮನೆ ಬಾಯಿ ಮುಚ್ಚಿಸಲು ಹೇಳಿದ್ದಲ್ಲ. ಅಷ್ಟು ಹೊತ್ತಿಗೆ ನಾನೇ ನಂಬಿದ್ದೆ. ತಂಬಿಗೆ ಬಗ್ಗಿಸುವ ನನ್ನ ಕೈ, ಕೆಳಗೆ ತುಳಸಿಯ ಬದಲು ನೀಲಿ ನೀರು, ಇದು ಕಣ್ಣಿಗೆ ಕಟ್ಟಿದ ಹಾಗೆ ಕಾಣಿಸುತ್ತಿತ್ತು.

ನಂಬಲು ಇನ್ನೊಂದು ಕಾರಣವಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ತಂಬಿಗೆ ಅಟ್ಟಕ್ಕೆ ಹೋದ ಮೇಲೆ ನಾನು ಸ್ಟೀಲ್ ಲೋಟದಲ್ಲಿ ನೀರು ಕುಡಿಯುತ್ತಿದ್ದೆ. ಆ ಲೋಟದ ನೀರು ನನ್ನ ತಂಬಿಗೆಯ ನೀರಿನ ಹಾಗೇ ಇತ್ತು. ನಾಲಿಗೆಯ ಕೊನೆಗೆ ಅದೇ ಒಗರು. ಸ್ಟೀಲಿನಲ್ಲಿ ತಾಮ್ರದ ರುಚಿ ಬರುವುದುಂಟೇ? ನಾಲಿಗೆಯೂ ಹೋಯಿತು ಎಂದುಕೊಂಡೆ. ಹೇಳಿದರೆ ಮಾತ್ರೆ ಹೆಚ್ಚಾಗುತ್ತದೆ ಎಂದು ಹೆದರಿ ಬಾಯಿ ಮುಚ್ಚಿಕೊಂಡೆ. ಅದೇ ಭಯದಲ್ಲಿ ದಿನಾ ಆ ನೀರು ಕುಡಿದೆ.

ಎರಡನೇ ಸಲ ಆಸ್ಪತ್ರೆಗೆ ಹೋದಾಗ ಕಾಯುವ ಜಾಗದಲ್ಲಿ ಮಾತ್ರೆ ನುಂಗುವ ಹೊತ್ತಾಯಿತು. ಮಗ ಕೆಳಗಿನ ಅಂಗಡಿಯಿಂದ ನೀರಿನ ಬಾಟಲಿ ತಂದು ಕೊಟ್ಟ. ಕುಡಿದೆ. ಒಗರಿಲ್ಲ. ಇನ್ನೊಂದು ಗುಟುಕು ಕುಡಿದೆ, ಸಪ್ಪೆ, ಬರೀ ಸಪ್ಪೆ. ಬಾಟಲಿ ಖಾಲಿ ಮಾಡಿದೆ. "ಅಷ್ಟು ಬಾಯಾರಿಕೆ ಆಗಿತ್ತಾ ಅಮ್ಮ?" ಎಂದ ಮಗ. ನನ್ನ ನಾಲಿಗೆ ಕೆಟ್ಟಿದ್ದರೆ ಈ ನೀರೂ ಒಗರಾಗಬೇಕಿತ್ತು. ಡಾಕ್ಟರ ಪ್ರಶ್ನೆಗಳಿಗೆ ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಮನೆಗೆ ಬಂದು ಸೀದಾ ಅಡುಗೆಮನೆಗೆ ಹೋಗಿ ಫಿಲ್ಟರಿನ ನೀರು ಹಿಡಿದು ಕುಡಿದೆ. ಒಗರು. ಆಮೇಲೆ ಆ ಫಿಲ್ಟರನ್ನು ಮೊದಲ ಸಲ ಕಣ್ಣುಬಿಟ್ಟು ನೋಡಿದೆ. ಅದರ ಎದೆಯ ಮೇಲೆ ಒಂದು ಪುಟ್ಟ ಬಿಂದಿಗೆಯ ಚಿತ್ರ, ತಾಮ್ರದ ಬಣ್ಣದ್ದು. ಕೆಳಗೆ ಇಂಗ್ಲಿಷಿನಲ್ಲಿ ಕಾಪರ್ ಎಂದು ಬರೆದಿತ್ತು. ಕನ್ನಡ ಟೀಚರಾದರೂ ಅಷ್ಟು ಇಂಗ್ಲಿಷು ನನಗೆ ಬರುತ್ತದೆ. ಆರೋಗ್ಯಕ್ಕೆ ಒಳ್ಳೆಯದೆಂದು, ಸೋಸಿದ ನೀರಿಗೆ ಕೊನೆಯಲ್ಲಿ ತಾಮ್ರ ಬೆರೆಸಿ ಕೊಡುವ ಫಿಲ್ಟರು ಅದು. ಮೊದಲಿದ್ದ ಪುಣ್ಯಾತ್ಮರೂ ನನ್ನ ಹಾಗೆ ತಾಮ್ರದ ನೀರಿನವರೇ ಇರಬೇಕು. ಮಗ ಬಕೆಟ್ ಹಿಡಿದು ಆ ಅಕ್ಷರದ ಎದುರಿಗೇ ಎಷ್ಟು ಸಲ ನಿಂತಿದ್ದನೋ.

ಮುಂದಿನ ಭಾನುವಾರದವರೆಗೂ ನಾನು ಬಾಯಿ ಬಿಡಲಿಲ್ಲ. ಅವನು ಬಕೆಟ್ ತುಂಬಿಸಿ ಉಪ್ಪಿನ ಡಬ್ಬಿ ತೆಗೆಯುವ ಹೊತ್ತಿಗೆ ಹೋಗಿ ನಿಂತೆ.

"ಉಪ್ಪು ಹಾಕೋಕ್ ಮುಂಚೆ ಆ ನೀರಿಗೆ ನಿನ್ನ ತಾಮ್ರದ ಟೆಸ್ಟ್ ಮಾಡು."

"ಅಮ್ಮ, ಅದು ಆರ್‌ಓ ನೀರು. ಅದರಲ್ಲಿ ಏನೂ ಇರಲ್ಲ."

"ಇಲ್ಲದಿದ್ರೆ ಹೋಯ್ತು. ಮಾಡು."

ನನ್ನ ಎದುರು ವಾದ ಮಾಡಬೇಡಿ ಎಂದು ಡಾಕ್ಟರು ಅವನಿಗೆ ಹೇಳಿ ಕಳಿಸಿದ್ದರು, ಅದಕ್ಕೇ ಮಾಡಿದ. ಹನಿ ಹಾಕಿ ಅಲುಗಿಸಿದ. ಕೊಳವೆ ಕಡುನೀಲಿಯಾಯಿತು, ತೊಟ್ಟಿಯ ನೀರಿಗಿಂತ ಎಷ್ಟೋ ಕಡು. ನಾನು ಗೋಡೆಯ ಕಡೆ ಬೆರಳು ತೋರಿಸಿದೆ. ಅವನು ಬಿಂದಿಗೆಯ ಚಿತ್ರ ನೋಡಿದ, ಅಕ್ಷರ ಓದಿದ. ಸೊಸೆ ಚಪಾತಿ ಲಟ್ಟಿಸುತ್ತಿದ್ದವಳು ಕೈ ನಿಲ್ಲಿಸಿ ಕೊಳವೆಯನ್ನೂ ನೋಡಿದಳು, ಗಂಡನ ಮುಖವನ್ನೂ ನೋಡಿದಳು. ಮಗನ ಮುಖ ಸುಣ್ಣ ಬಳಿದ ಹಾಗಾಗಿತ್ತು.

ನನಗಾದ ಸಂತೋಷ ಎಷ್ಟೆಂದು ಹೇಗೆ ಹೇಳಲಿ. ನನ್ನ ತಲೆ ನೆಟ್ಟಗಿತ್ತು! ಅಲ್ಲಿಗೇ ಸುಮ್ಮನಿದ್ದಿದ್ದರೆ ಆ ಮನೆಯಲ್ಲಿ ನನ್ನ ದಿನಗಳು ಬೇರೆ ಇರುತ್ತಿದ್ದವೋ ಏನೋ. ಆದರೆ ಸುಮ್ಮನಿರುವ ಜಾತಿ ನನ್ನದಲ್ಲ, ಅಷ್ಟು ದಿನ ನುಂಗಿದ್ದು ಹೊರಗೆ ಬರಬೇಕಿತ್ತು.

"ಅಂತೂ ಕೊಂದೋನು ನೀನೇ" ಎಂದೆ. "ಭಾನುವಾರ ಭಾನುವಾರ, ನಿನ್ನ ಕೈಯಾರೆ, ಬಕೆಟ್ ಬಕೆಟ್ ವಿಷ ಸುರಿದು ಒಂದೊಂದನ್ನೂ ಕೊಂದೆ. ಅವು ಸಾಯ್ತಾ ಇದ್ರೆ ಇನ್ನೊಂದು ಬಕೆಟ್ ಸುರಿದೆ. ಮರೆವು ಯಾರಿಗೋ, ಕುರುಡು ಯಾರಿಗೋ?"

ಅವನು ಕೊಳವೆಯ ನೀಲಿ ನೀರನ್ನು ಸಿಂಕಿಗೆ ಚೆಲ್ಲಿದ. ಕೊಳವೆಯನ್ನು ನಿಧಾನವಾಗಿ, ಚೆನ್ನಾಗಿ ತೊಳೆದು, ಬಟ್ಟೆಯಲ್ಲಿ ಒರೆಸಿ ಡಬ್ಬಿಯಲ್ಲಿಟ್ಟ. ಬಕೆಟ್ ನೀರನ್ನೂ ಚೆಲ್ಲಿದ. ತಪ್ಪಾಯಿತು ಎನ್ನುತ್ತಾನೆ ಎಂದು ನಾನು ಕಾದೆ. ತಿಂಡಿಯಾಯಿತು, ಅನ್ನಲಿಲ್ಲ. ಸ್ನಾನವಾಯಿತು, ಅನ್ನಲಿಲ್ಲ. ನಾನು ಹೋಗಿ ಎದುರು ನಿಂತೆ. "ನಂಗೆ ನಿನ್ನ ಕ್ಷಮೆ ಬೇಡ. ನಿನ್ನ ತಂಗಿಗೆ ಫೋನ್ ಮಾಡಿ ಇದ್ದದ್ದು ಇದ್ದಂಗೆ ಹೇಳು. ಅಮ್ಮ ಹಾಕಿದ್ದಲ್ಲ, ಫಿಲ್ಟರ್ ನೀರು ಅಂತ ಹೇಳು. ಅಷ್ಟು ಸಾಕು."

"ಆಯ್ತಮ್ಮ" ಎಂದು ಫೋನು ತೆಗೆದುಕೊಂಡು ಬಾಲ್ಕನಿಗೆ ಹೋದ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ನನ್ನ ಕಿವಿಗೆ ಯಾವ ಡಾಕ್ಟರೂ ಇನ್ನೂ ಹೆಸರಿಟ್ಟಿರಲಿಲ್ಲ.

"ಅಮ್ಮ ಈಗ ತಪ್ಪನ್ನ ಫಿಲ್ಟರ್ ಮೇಲೆ ಹಾಕ್ತಿದ್ದಾಳೆ ಕಣೆ" ಎನ್ನುತ್ತಿದ್ದ, ದಣಿದ ದನಿಯಲ್ಲಿ. "ಬೆಳಗ್ಗೆಯಿಂದ ಅದೇ ಹಟ. ಹೋದ ತಿಂಗಳು ತಾನೇ ಹಾಕಿದ್ದು ಅಂತ ಒಪ್ಕೊಂಡಿದ್ಳಲ್ಲ, ಅದೂ ಮರೆತಿದಾಳೆ... ಇಲ್ಲ ಇಲ್ಲ, ನೀನು ವಾದ ಮಾಡ್ಬೇಡ. ಡಾಕ್ಟರ್ ಹೇಳಿದಾರೆ, ಎದುರು ಆಡ್ಬಾರ್ದು ಅಂತ. ಹೂಂ ಅನ್ನು ಸಾಕು."

ಒಳಗೆ ಬಂದು ಫೋನನ್ನು ಸ್ಪೀಕರಿಗೆ ಹಾಕಿ ನನ್ನ ಮುಂದೆ ಹಿಡಿದ. ಅವನ ಕೈ ಸ್ವಲ್ಪವೂ ಅಲುಗಲಿಲ್ಲ. ನಾನು ಸೊಸೆಯ ಕಡೆ ತಿರುಗಿದೆ. ಅವಳು ಆ ನೀಲಿಯನ್ನು ಕಣ್ಣಾರೆ ಕಂಡಿದ್ದಳು. ಅವಳು ಮಗುವಿನ ತಲೆ ಬಾಚುತ್ತಿದ್ದಳು, ಬಾಚುತ್ತಲೇ ಇದ್ದಳು.

"ಅಮ್ಮಾ, ಎಲ್ಲ ಹೇಳಿದ ಅಣ್ಣ" ಎಂದಳು ಮಗಳು, ಅನ್ನ ತಿನ್ನದ ಕೂಸಿಗೆ ಹೇಳುವ ದನಿಯಲ್ಲಿ. "ಹೌದಮ್ಮ, ಫಿಲ್ಟರೇ ಅಂತೆ. ನೀನೇನೂ ಮಾಡಿಲ್ಲ. ಆಯ್ತಾ? ನೀನು ತಲೆ ಕೆಡಿಸ್ಕೋಬೇಡ. ಇವತ್ತಿನ ಮಾತ್ರೆ ತಗೊಂಡ್ಯಾ?"

ತಗೊಂಡೆ ಎಂದೆ.